ವಿಮಾನದಲ್ಲಿ ಓಡಾಡುವ ಚೌಡಪ್ಪ

ಗುಬ್ಬಿಯಲ್ಲಿ ಚೌಡಪ್ಪನಷ್ಟು ಸಲ ವಿಮಾನ ಹತ್ತಿದವರು ಇನ್ನೊಬ್ಬರಿಲ್ಲ ಅನ್ನುತ್ತಾರೆ ಅವನ ಬೀದಿಯ ಜನ. ಇರಬಹುದು. ಆದರೆ ಕಿಟಕಿಯಿಂದ ಒಂದು ಸಲವಾದರೂ ಮೋಡ ನೋಡಿದ್ದೀಯಾ ಎಂದು ಕೇಳಿದರೆ ಅವನು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಕಿಟಕಿ ಪಕ್ಕದ ಸೀಟಿಗೆ ಬೇರೆ ದುಡ್ಡು. ಓಡಾಡುವ ಕಡೆಯ ಸೀಟಿಗೂ ಬೇರೆ ದುಡ್ಡು. ಕೊಡದವನಿಗೆ ಸಿಗುವುದು ನಡುವಿನ ಸೀಟು, ಎರಡೂ ಕಡೆಯವರ ಮೊಣಕೈ ಪಕ್ಕೆಗೆ ಒತ್ತುವ ಜಾಗ. ಆರು ವರ್ಷದಿಂದ ಚೌಡಪ್ಪ ಅಲ್ಲೇ ಕೂತಿದ್ದಾನೆ.

ಅವನಿಗೆ ಈಗ ಐವತ್ತೆರಡು. ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಖಾರದಪುಡಿ, ಅರಿಶಿನದಪುಡಿಗಳನ್ನು ಪೊಟ್ಟಣಕ್ಕೆ ತುಂಬುವ ಯಂತ್ರ ಮಾಡುವ ಕಾರ್ಖಾನೆ ಅದು. ಯಂತ್ರ ಕೊಂಡವರು ರಾಯಪುರದಲ್ಲೋ ಪಟ್ನಾದಲ್ಲೋ ಇರುತ್ತಾರೆ. ಯಂತ್ರ ಕೆಟ್ಟು ಕೂತಿತೆಂದರೆ ಚೌಡಪ್ಪ ಹೊರಡಬೇಕು. ಮೊದಲೆಲ್ಲ ರೈಲಿನಲ್ಲಿ ಹೋಗುತ್ತಿದ್ದ. ಹೆಂಡತಿ ಪ್ರಮೀಳಾ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿ ತಿಂದು, ಮೇಲಿನ ಬರ್ತ್‌ನಲ್ಲಿ ಕಾಲು ಚಾಚಿ ಎರಡು ದಿನ ನಿದ್ದೆ ಹೊಡೆಯುತ್ತಿದ್ದ. ತಿಂಗಳಿಗೆ ಒಂದು ಊರಾದರೆ ಹೆಚ್ಚು. ಆಮೇಲೆ ಯಾರೋ ಪುಣ್ಯಾತ್ಮರು ಕಾರ್ಖಾನೆಯ ಸಾಹುಕಾರರಿಗೆ ಬುದ್ಧಿ ಹೇಳಿಕೊಟ್ಟರು: ವಿಮಾನದ ಅಗ್ಗದ ಟಿಕೆಟ್ಟು ತೆಗೆದರೆ ಹೋಗಿ ಬರುವ ನಾಲ್ಕು ದಿನ ಉಳಿಯುತ್ತದೆ. ಉಳಿಯಿತು, ನಿಜ. ಉಳಿದ ದಿನ ಚೌಡಪ್ಪನ ಕೈಗೆ ಬರಲಿಲ್ಲ ಅಷ್ಟೆ. ತಿಂಗಳಿಗೆ ಒಂದಿದ್ದ ಊರು ನಾಲ್ಕಾಯಿತು.

ಅಗ್ಗದ ವಿಮಾನಗಳು ಮನುಷ್ಯರು ಏಳುವ ಹೊತ್ತಿಗೆ ಹೊರಡುವುದಿಲ್ಲ. ಬೆಳಗಿನ ಐದೂ ನಲವತ್ತಕ್ಕೆ ಹೊರಡುತ್ತವೆ. ಗುಬ್ಬಿಯಿಂದ ಅದನ್ನು ಹಿಡಿಯಬೇಕೆಂದರೆ ಹಿಂದಿನ ಸಂಜೆಯೇ ಬಸ್ಸು ಹತ್ತಿ, ಬೆಂಗಳೂರಿಗೆ ಹೋಗಿ, ಅಲ್ಲಿಂದ ಏರ್‌ಪೋರ್ಟಿನ ಬಸ್ಸು ಹಿಡಿದು, ರಾತ್ರಿಯಿಡೀ ಕಬ್ಬಿಣದ ಕುರ್ಚಿಯಲ್ಲಿ ಕೂರಬೇಕು. ಆಫೀಸಿನಲ್ಲಿ ಟಿಕೆಟ್ಟು ತೆಗೆಯುವ ಸ್ವರ್ಣಲತಾ ಎಂಬ ಹುಡುಗಿಗೆ ಕಂಪ್ಯೂಟರಿನಲ್ಲಿ ಕಾಣುವುದು ಟಿಕೆಟ್ಟಿನ ಬೆಲೆ ಮಾತ್ರ. ಆ ಕುರ್ಚಿ ಅವಳಿಗೆ ಕಾಣುವುದಿಲ್ಲ. ಅವನ ಸೊಂಟನೋವಂತೂ ಕಾಣುವುದೇ ಇಲ್ಲ.

ವಿಮಾನಕ್ಕೆ ಹಾಕುವ ಸಾಮಾನು ಹದಿನೈದು ಕೆಜಿಗಿಂತ ಹೆಚ್ಚಿದ್ದರೆ ಕೆಜಿಗೆ ಇಷ್ಟು ಎಂದು ಕಕ್ಕಬೇಕು. ಅವನ ಟೂಲ್ ಬಾಕ್ಸೇ ಹದಿನಾಲ್ಕೂವರೆ. ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ಕೈಚೀಲದಲ್ಲಿ ಒಳಗೆ ಬಿಡುವುದಿಲ್ಲ. ಹಾಗಾಗಿ ಬಟ್ಟೆಗೆ ಜಾಗವಿಲ್ಲದೆ ಅವನು ಒಂದರ ಮೇಲೊಂದು ಎರಡು ಅಂಗಿ ತೊಟ್ಟು ಹೋಗುತ್ತಾನೆ. ಒಮ್ಮೆ ಇಂದೋರಿನ ಸೇಟುವಿಗೆ ಕೊಡೋಣವೆಂದು ಬಾಕ್ಸಿನೊಳಗೆ ನಾಲ್ಕು ಕೊಬ್ಬರಿ ಇಟ್ಟಿದ್ದ. ಏರ್‌ಪೋರ್ಟಿನ ತಪಾಸಣೆಯವರು ಅವನನ್ನು ಕರೆಸಿ, ಬಾಕ್ಸು ಬಿಚ್ಚಿಸಿ, ಇದು ಬೆಂಕಿ ಹತ್ತುವ ವಸ್ತು ಎಂದು ತೆಗೆದು ಬಿಸಾಕಿದರು. ಕೊಬ್ಬರಿ ತಿಂದೇ ಬೆಳೆದ ಗುಬ್ಬಿಯವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಸ್ಪ್ಯಾನರುಗಳ ನಡುವೆ ಕೊಬ್ಬರಿ ಯಾಕಿಟ್ಟೆ ಎಂದು ಕೇಳಿದ ತಪಾಸಣೆಯ ಹುಡುಗನ ಮುಖಕ್ಕೆ ಕೊಡಬಹುದಾಗಿದ್ದ ಉತ್ತರ ಅವನಿಗೆ ಹೊಳೆದದ್ದು ಇಂದೋರಿನಲ್ಲಿ ಇಳಿದ ಮೇಲೆ.

ಇಷ್ಟೆಲ್ಲ ಇದ್ದರೂ ಬೀದಿಯಲ್ಲಿ ಅವನು ದೊಡ್ಡ ಮನುಷ್ಯ. ಚೇಳೂರಿನ ಕಡೆ ಅವನಿಗೆ ಮೂವತ್ತು ತೆಂಗಿನಮರ ಬಿಟ್ಟರೆ ಬೇರೆ ಆಸ್ತಿಯಿಲ್ಲ. ಆದರೂ ನಂಟರ ಮನೆಗೆ ಹೋದರೆ ಚಾಪೆಯ ಬದಲು ಕುರ್ಚಿ ಹಾಕುತ್ತಾರೆ. ಮೊದಮೊದಲು ಅವನು ನಿಜ ಹೇಳುತ್ತಿದ್ದ. ಯಾರೂ ನಂಬದೆ ಇದ್ದಾಗ ಸುಮ್ಮನಾದ. ಸುಮ್ಮನಾದದ್ದರಲ್ಲಿ ಒಂದಿಷ್ಟು ಸುಖವೂ ಇತ್ತು ಅನ್ನಿ.

ಹೀಗಿರುವಾಗ ಅವನ ಒಬ್ಬಳೇ ಮಗಳು ಇಂಪನಾಳಿಗೆ ಕುಣಿಗಲ್ಲಿನಿಂದ ಸಂಬಂಧ ಕೂಡಿಬಂತು. ಹುಡುಗ ಚಂದ್ರು, ಹಾರ್ಡ್‌ವೇರ್ ಅಂಗಡಿ ಇಟ್ಟವನು. ಹುಡುಗ, ಹುಡುಗಿ ಒಂದು ಮದುವೆಯಲ್ಲಿ ನೋಡಿಕೊಂಡು ಒಪ್ಪಿಯಾಗಿತ್ತು. ಭಾನುವಾರ ಹನ್ನೊಂದಕ್ಕೆ ಹುಡುಗನ ತಂದೆ ದೊಡ್ಡರಂಗಯ್ಯನವರು ಗುಬ್ಬಿಗೆ ಬಂದು ಮಾತುಕತೆ ಮುಗಿಸಿ, ಎಲ್ಲ ಸರಿಹೋದರೆ ಅವತ್ತೇ ಹುಡುಗಿಗೆ ಹೂ ಮುಡಿಸಿ ಹೋಗುವುದೆಂದು ತೀರ್ಮಾನವಾಯಿತು.

ಆ ವಾರವೇ ರಾಯಪುರದಲ್ಲಿ ಒಂದು ಯಂತ್ರ ಕೆಟ್ಟು ಕೂತಿತು. ಹೊರಟ ದಿನ ಚೌಡಪ್ಪ ಬಾಕ್ಸಿಗೆ ಹಗ್ಗ ಬಿಗಿಯುತ್ತಿದ್ದಾಗ ಇಂಪನಾ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಅಪ್ಪ, ಭಾನ್ವಾರ ನೀನ್ ಇರ್ತೀಯ ತಾನೆ?"

"ಇರ್ತೀನಿ ಕಣಮ್ಮ. ಶನಿವಾರನೇ ಅಲ್ಲಿಂದ ಹೊರಡ್ತೀನಿ."

"ಕೆಲ್ಸದ್ ವಿಷ್ಯ ನೀನೇ ಕೇಳ್ಬೇಕು. ಮದ್ವೆ ಆದ್ಮೇಲೂ ನನ್ನ ಲ್ಯಾಬಿಗೆ ಕಳಿಸ್ತಾರಾ ಇಲ್ವಾ ಅಂತ. ನಾನ್ ಕೇಳಿದ್ರೆ ಬಾಯಿಬಡುಕಿ ಅಂತಾರೆ. ರಾಜು ಮಾವ ಕೇಳಲ್ಲ, ಅಮ್ಮಂಗ್ ಧೈರ್ಯ ಇಲ್ಲ."

"ಕೇಳ್ತೀನಿ ಬಿಡು."

"ಹೂ ಮುಡಿಸೋಕ್ ಮುಂಚೆ ಕೇಳ್ಬೇಕು ಅಪ್ಪ. ಆಮೇಲ್ ಕೇಳಿದ್ರೆ ಏನ್ ಬಂತು?"

ಅವಳು ಹೇಳಿದ್ದು ಸರಿ. ಹೂ ಮುಡಿಸುವವರೆಗೆ ಹೆಣ್ಣಿನ ಕಡೆಯವರ ಮಾತು ಷರತ್ತು, ಮುಡಿಸಿದ ಮೇಲೆ ಅದೇ ಮಾತು ತಕರಾರು. ಇಂಪನಾ ತುಮಕೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎರಡು ವರ್ಷದಿಂದ ಟೆಕ್ನಿಶಿಯನ್. ಡಿಪ್ಲೊಮಾ ಮಾಡಿ ಸೇರಿದ್ದು. ಎಳೆಮಗುವಿನ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಾಳೆ ಎಂದು ಅಲ್ಲಿಯ ಡಾಕ್ಟರೇ ಹೇಳಿದ್ದನ್ನು ಚೌಡಪ್ಪ ಎಷ್ಟು ಜನರಿಗೆ ಹೇಳಿಕೊಂಡಿದ್ದನೋ. ಆ ಕೆಲಸ ಅವಳ ಕೈ ತಪ್ಪುವುದು ಅವನಿಗೂ ಬೇಡವಾಗಿತ್ತು.

ಶನಿವಾರ ಮಧ್ಯಾಹ್ನಕ್ಕೆ ರಾಯಪುರದ ಯಂತ್ರ ಓಡತೊಡಗಿತು. ಅಲ್ಲಿಂದ ಸಂಜೆಗೆ ಬೆಂಗಳೂರಿಗೆ ನೇರ ವಿಮಾನವೊಂದಿತ್ತು. ಆದರೆ ಸ್ವರ್ಣಲತಾ ತೆಗೆದಿದ್ದುದು ಹೈದರಾಬಾದಿನ ಮೇಲೆ ಹೋಗುವ ಟಿಕೆಟ್ಟು: ರಾತ್ರಿ ಅಲ್ಲಿಳಿದು, ಬೆಳಗಿನ ಆರೂವರೆಗೆ ಬೆಂಗಳೂರಿನ ವಿಮಾನ ಹತ್ತಬೇಕು. ನೇರ ವಿಮಾನಕ್ಕೆ ಆರೂವರೆ ಸಾವಿರ, ಅದೂ ಸ್ವಂತ ಜೇಬಿನಿಂದ. ಚೌಡಪ್ಪ ಅಲ್ಲಿಯ ಸೇಟುವಿನ ಗೋಡೌನಿನ ಮೆಟ್ಟಿಲ ಮೇಲೆ ಕೂತು ಫೋನು ನೋಡಿದ, ಜೇಬಿಗಿಟ್ಟ, ಮತ್ತೆ ತೆಗೆದು ನೋಡಿದ. ಏಳೂಮುಕ್ಕಾಲಿಗೆ ಬೆಂಗಳೂರಿನಲ್ಲಿಳಿದರೆ ಹನ್ನೊಂದಕ್ಕೆ ಮನೆ ಮುಟ್ಟಬಹುದು. ಇಷ್ಟು ಟೈಮಿರುವಾಗ ಸುಮ್ಮನೆ ಯಾಕೆ ದುಡ್ಡು ಕಳೆಯಬೇಕು? ಅದೇ ದುಡ್ಡಿಗೆ ಮಗಳಿಗೊಂದು ಒಳ್ಳೆಯ ಸೀರೆ ಬರುತ್ತದೆ. ಜೀವನವಿಡೀ ಕಾಸು ನೋಡಿ ಖರ್ಚು ಮಾಡಿದವನ ಕೈ ಒಂದೇ ದಿನಕ್ಕೆ ಸಡಿಲವಾಗುವುದಿಲ್ಲ. ಫೋನು ಜೇಬಿಗೆ ಹೋಯಿತು.

ಬೆಳಗಿನ ಐದಕ್ಕೆ, ಹೈದರಾಬಾದಿನಲ್ಲಿ, ಫೋನಿಗೆ ಮೆಸೇಜು ಬಂತು. ಅನಿವಾರ್ಯ ಕಾರಣದಿಂದ ಆರೂವರೆಯ ವಿಮಾನ ಹತ್ತೂ ಹತ್ತಕ್ಕೆ ಹೊರಡುತ್ತದೆ, ತೊಂದರೆಗಾಗಿ ವಿಷಾದಿಸುತ್ತೇವೆ. ಕೌಂಟರಿನ ಹುಡುಗಿಯ ಮುಂದೆ ಅವನು ತನಗೆ ಬರುವ ಹಿಂದಿಯನ್ನೆಲ್ಲ ಸುರಿದ. ಮಗಳು, ಹೂ, ಹನ್ನೊಂದು ಗಂಟೆ ಎಲ್ಲ ಹೇಳಿದ. ಪಾಪ, ಅವಳಾದರೂ ಏನು ಮಾಡಿಯಾಳು? ಇಡ್ಲಿಯ ಕೂಪನ್ನು ಕೊಟ್ಟಳು. ಅದನ್ನು ಹಿಡಿದುಕೊಂಡೇ ಅವನು ಹೆಂಡತಿಯ ತಮ್ಮ ಹನುಮಂತರಾಜುವಿಗೆ ಫೋನು ಮಾಡಿದ.

"ರಾಜು, ಪ್ಲೇನ್ ಲೇಟು ಕಣಪ್ಪ. ನಾನ್ ಬರೋವರ್ಗೂ ಅವ್ರನ್ನ ಕೂರ್ಸ್ಕೋ. ಆಗ್ದಿದ್ರೆ ಮಗೀನ್ ಕೆಲ್ಸದ್ ಮಾತ್ ನೀನೇ ಎತ್ತು."

"ಗಂಡಿನ್ ಕಡೆಯೋರ್ ಮುಂದೆ ನಾನ್ ಹೆಂಗ್ ಭಾವ ಆ ಮಾತೆತ್ಲಿ? ನೀವೇ ಬಂದ್ ಕೇಳಿ. ಕೂರುಸ್ತೀನಿ ಬುಡಿ."

ವಿಮಾನ ಹೊರಟದ್ದು ಹತ್ತೂ ಐವತ್ತಕ್ಕೆ. ಫೋನು ಆರಿಸಲು ಹೇಳಿದ್ದರು. ನಡುವಿನ ಸೀಟಿನಲ್ಲಿ ಕೈಕಟ್ಟಿ ಕೂತ ಚೌಡಪ್ಪನಿಗೆ ಅಳು ಬಂದಿತ್ತು. ಎರಡೂ ಕಡೆ ಅಪರಿಚಿತರು, ಕಣ್ಣೊರೆಸಿಕೊಳ್ಳಲು ಕೈಯೆತ್ತಲೂ ಜಾಗವಿರಲಿಲ್ಲ.

ಚಕ್ರ ನೆಲ ಮುಟ್ಟಿದಾಗ ಹನ್ನೆರಡೂ ಐದು. ಟೂಲ್ ಬಾಕ್ಸಿಗಾಗಿ ಬೆಲ್ಟಿನ ಮುಂದೆ ನಿಂತು ಫೋನು ಹೊತ್ತಿಸಿದ. ಹನುಮಂತರಾಜು ಒಂದು ಫೋಟೊ ಕಳಿಸಿದ್ದ. ಇಂಪನಾ ಹಸಿರು ಸೀರೆಯಲ್ಲಿ ತಲೆ ತಗ್ಗಿಸಿ ಕೂತಿದ್ದಾಳೆ. ದೊಡ್ಡರಂಗಯ್ಯನವರ ಹೆಂಡತಿ ಅವಳ ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಬೆಲ್ಟು ತಿರುಗುತ್ತಲೇ ಇತ್ತು. ಬಾಕ್ಸು ಎರಡು ಸಲ ಎದುರಿಗೇ ಹಾದುಹೋದರೂ ಅವನು ಎತ್ತಿಕೊಳ್ಳಲಿಲ್ಲ.

ಎರಡು ಬಸ್ಸು ಬದಲಾಯಿಸಿ ಗುಬ್ಬಿ ಮುಟ್ಟುವಾಗ ನಾಲ್ಕಾಗುತ್ತ ಬಂದಿತ್ತು. ಬೀಗರು ಹೊರಟುಹೋಗಿದ್ದರು. ಹಜಾರದಲ್ಲಿ ಹನುಮಂತರಾಜು ಕೇಸರಿಬಾತಿನ ತಟ್ಟೆ ಹಿಡಿದು, ತಾನೇ ಮದುಮಗನೆಂಬಂತೆ ಕೂತಿದ್ದ.

"ಭಾವ, ನಿಮ್ ಪ್ಲೇನ್ ಲೇಟಾಗಿದ್ದೇ ಒಳ್ಳೇದಾಯ್ತು ಬುಡಿ! ಭಾವ ವಿಮಾನದಲ್ಲವ್ರೆ ಅಂದ್ನೋ ಇಲ್ವೋ, ದೊಡ್ಡರಂಗಯ್ಯನೋರು ಕೂತ್ಕಳೋ ಭಂಗಿನೇ ಬದಲಾಯ್ತು. ಕೊಡೋದ್ ತಗಳೋದ್ ಒಂದ್ ಮಾತೂ ಎತ್ಲಿಲ್ಲ. ಅಭಿಜಿನ್ ಲಗ್ನ ಚೆನ್ನಾಗದೆ ಅಂತ ಹನ್ನೆರಡ್ಕೇ ಹೂ ಮುಡ್ಸಿದ್ರು."

"ಕೆಲ್ಸದ್ ಮಾತು?"

"ಅಯ್ಯೋ, ಅಂಥಾ ಒಳ್ಳೆ ಟೈಮಲ್ಲಿ ಅದ್ಯಾಕ್ ಭಾವ?"

ಪ್ರಮೀಳಾ ಕೈಕಾಲಿಗೆ ನೀರು ತಂದಿಟ್ಟಳು. ಇಂಪನಾ ಅಡುಗೆಮನೆಯಲ್ಲಿ ಕಾಫಿಲೋಟ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. ಮಲ್ಲಿಗೆ ಇನ್ನೂ ಬಾಡಿರಲಿಲ್ಲ.

"ಪ್ಲೇನ್ ಲೇಟಾಯ್ತಾ ಅಪ್ಪ?"

"ಹೂಂ ಕಣಮ್ಮ."

ಅವಳು ಮತ್ತೆ ಲೋಟಗಳ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಸಣ್ಣವಳಿದ್ದಾಗ ಜಾತ್ರೆಗೆ ಕರೆದೊಯ್ಯಲಿಲ್ಲವೆಂದು ಅವನ ಚಪ್ಪಲಿಯನ್ನು ಬಾವಿಗೆ ಎಸೆದಿದ್ದ ಹುಡುಗಿ ಅದು. ಇವತ್ತು ಒಂದು ಲೋಟವನ್ನೂ ಕುಕ್ಕಲಿಲ್ಲ. ಚೌಡಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಕಾಲಿಗೆ ನೀರೂ ಹಾಕಿಕೊಳ್ಳದೆ ಹಜಾರಕ್ಕೆ ಬಂದು ದೊಡ್ಡರಂಗಯ್ಯನವರಿಗೆ ಫೋನು ಹಚ್ಚಿದ.

"ಏನ್ ಬೀಗರೇ, ಭೂಮಿಗಿಳಿದ್ರಾ?" ಎಂದು ಆ ಕಡೆಯಿಂದ ನಗು ಬಂತು.

ಚೌಡಪ್ಪ ಕುಶಲ ಕೇಳಿದ, ಬರಲಾಗದ್ದಕ್ಕೆ ಕ್ಷಮೆ ಕೇಳಿದ, ಆಮೇಲೆ ಮಗಳ ಕೆಲಸದ ವಿಷಯ ಕೇಳಿದ.

"ಅದಕ್ಯಾಕ್ ಯೋಚ್ನೆ ಬೀಗರೇ? ವಾರ ವಾರ ವಿಮಾನದಲ್ಲಿ ಓಡಾಡೋರ್ ಮಗಳು ಕಂಡೋರ್ ಕೈಗೆ ಸೂಜಿ ಚುಚ್ಕೊಂಡ್ ಕೂರೋದೇ? ಜನ ಏನಂದಾರು? ನಿಮ್ ಮರ್ಯಾದೆ ನಮಗೂ ಮುಖ್ಯ ಅಲ್ವಾ? ರಾಣಿ ಹಂಗೆ ಮನೇಲಿರ್ಲಿ."

ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನಿಜವಾದ ಪ್ರೀತಿಯಿಂದಲೇ ಹೇಳಿದ್ದರು. ಚೌಡಪ್ಪ ಗೋಡೆಗೊರಗಿ ಕೂತ. ಆರು ವರ್ಷ ಜನ ಕೊಟ್ಟ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಕ್ಕೆ ಮಗಳು ಬೆಲೆ ಕೊಡಬೇಕಾಗಿ ಬಂದಿತ್ತು.

"ಬೀಗರೇ, ನಾನ್ ಸ್ಪ್ಯಾನರ್ ಹಿಡಿಯೋನು," ಅಂದ. "ರೈಲಲ್ಲಿ ಕಳಿಸಿದ್ರೆ ಸಾಹುಕಾರ್ರಿಗೆ ನಾಲ್ಕ್ ದಿನದ್ ಸಂಬಳ ದಂಡ, ಅದಕ್ಕೆ ವಿಮಾನದಲ್ಲಿ ಕಳಿಸ್ತಾರೆ. ಎಲ್ಲಾರ್ಗಿಂತ ಕಡ್ಮೆ ಟಿಕೆಟ್ಟು ನಂದೇ. ಅದ್ರಲ್ಲಿ ಮರ್ಯಾದೆ ಏನೂ ಇಲ್ಲ. ನಮ್ಮನೇಲಿ ಮರ್ಯಾದೆ ಇರೋ ಕೆಲ್ಸ ಅಂದ್ರೆ ನನ್ ಮಗಳ್ದು. ಅವಳ್ನ ಕೆಲ್ಸಕ್ ಕಳಿಸ್ತೀರಾ ಇಲ್ವಾ, ಅದೊಂದ್ ಹೇಳಿ."

ಹನುಮಂತರಾಜು ತಟ್ಟೆ ಕೆಳಗಿಟ್ಟು, ಬೇಡ ಬೇಡ ಎಂದು ಕೈ ಆಡಿಸಿದ.

"ಇದನ್ನ ಹೂ ಮುಡ್ಸೋಕ್ ಮುಂಚೆ ಹೇಳ್ಬೇಕಿತ್ತು ಚೌಡಪ್ಪನೋರೇ." ಬೀಗರೇ ಎಂಬ ಮಾತು ಹೋಗಿತ್ತು.

"ಹೌದು. ಹನ್ನೊಂದಕ್ಕೆ ನಾನ್ ಇಲ್ಲಿರ್ಬೇಕಿತ್ತು. ಬರೋಕೆ ದಾರಿನೂ ಇತ್ತು. ಆರೂವರೆ ಸಾವ್ರ ಉಳಿಸೋಕ್ ಹೋಗಿ ತಪ್ಪ್ ಮಾಡ್ದೆ. ತಪ್ಪು ನಂದು. ನನ್ ಮಗಳ್ ಯಾಕ್ ದಂಡ ಕಟ್ಬೇಕು?"

"ನಾಳೆ ಸಂಜೆ ನಾಲ್ಕ್ ಜನ ಬರ್ತೀವಿ. ಕೂತ್ ಮಾತಾಡೋಣ. ಏನಾಯ್ತದೋ ನೋಡೋಣ," ಎಂದು ದೊಡ್ಡರಂಗಯ್ಯ ಫೋನಿಟ್ಟರು.

ಇಂಪನಾ ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಷ್ಟರಲ್ಲಿ ಮತ್ತೆ ಫೋನು ಬಂತು. ಭಾನುವಾರವೆಂದೂ ನೋಡದ ಆಫೀಸಿನ ಸ್ವರ್ಣಲತಾ.

"ಚೌಡಪ್ಪನವ್ರೇ, ನಾಳೆ ರಾತ್ರಿ ಪಟ್ನಾ ಹೋಗ್ಬೇಕಂತೆ. ಟಿಕೆಟ್ ಮಾಡ್ಬಿಟ್ಟಿದೀನಿ, ತುಂಬ ಕಡ್ಮೆಗೆ ಸಿಕ್ತು. ಮಧ್ಯಾಹ್ನನೇ ಹೊರಟ್ಬಿಡಿ. ಕ್ಯಾನ್ಸಲ್ ಮಾಡಿದ್ರೆ ಒಂದ್ ರೂಪಾಯಿನೂ ವಾಪಸ್ ಬರಲ್ಲ."

"ಬರೋದ್ ಬೇಡ ತಾಯಿ," ಅಂದ ಚೌಡಪ್ಪ. "ಆ ದುಡ್ಡು ನನ್ ಸಂಬಳದಲ್ ಹಿಡ್ಕೊಳ್ಳಿ. ನಾಳೆ ನಾನ್ ಮನೇಲಿರ್ಬೇಕು."