ಅಟ್ಟದ ಕಾಯಿಯ ಪ್ರಶ್ನೆ ಮುಚ್ಚಿದವನು ನಾನೇ

ಪಕ್ಕದ ಮನೆಯ ರತ್ನಮ್ಮ ಅಟ್ಟದಿಂದ ಇಳಿಸಿದ ತೆಂಗಿನಕಾಯಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು. ಹಂದನಕೆರೆಯ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ರೈತರು ಕೇಳಿ ರೈತರೇ ಉತ್ತರಿಸುವ ವೆಬ್‌ಸೈಟೊಂದನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ ಎಂದು ಅಕ್ಕ ಜಂಬದಿಂದ ಹೇಳಿದ್ದೇ ತಡ, ರತ್ನಮ್ಮ ಹೋಗಿ ಈ ಕಾಯಿ ತಂದಿದ್ದರು.

‘ಅಟ್ಟದಲ್ಲಿಟ್ಟು ವರ್ಷ ತುಂಬಿದ್ರೂ ಕೆಲವು ಕಾಯಿ ನೀರಾರಿ ಕೊಬ್ಬರಿಯಾಗ್ದೆ ಹಿಂಗೇ ಉಳೀತವಲ್ಲ, ಯಾಕೆ ಅಂತ ಅದ್ರಲ್ಲೇ ಕೇಳಿದ್ದೆ ಕಣಪ್ಪ. ಇದನ್ನ ಆಗ್ಲೇ ಕೇಳವ್ರೆ ಅಂತ ಮುಚ್ಬುಟ್ರು, ಇನ್ಯಾರೂ ಉತ್ತರ ಬರೆಯಂಗಿಲ್ವಂತೆ.’

‘ಕೇಳಿದ್ದನ್ನೇ ಎಲ್ರೂ ಕೇಳ್ತಾರೆ ಕಣಮ್ಮಾ. ಕೆಳಗೆ ಹಳೇ ಪ್ರಶ್ನೆಯ ಲಿಂಕ್ ಕೊಟ್ಟಿರ್ತೀವಿ, ಒತ್ತಿ ನೋಡ್ಬೇಕು’ ಎಂದೆ, ಸ್ವಲ್ಪ ಗತ್ತಿನಲ್ಲೇ.

ಆಕೆ ಮೊಬೈಲನ್ನು ನನ್ನ ಮುಂದೆ ಹಿಡಿದು ಒತ್ತಿದರು. ಹಳೇ ಪ್ರಶ್ನೆ ಬಂತು. ಅದೂ ಮುಚ್ಚಿತ್ತು, ಅದರ ಕೆಳಗೆ ಇನ್ನೂ ಹಳೆಯದೊಂದರ ಲಿಂಕ್. ಒತ್ತಿದರು. ಅದನ್ನು ‘ವಿವರ ಸಾಲದು’ ಎಂದು ಮುಚ್ಚಲಾಗಿತ್ತು. ಒಂದರಲ್ಲೂ ಉತ್ತರವಿರಲಿಲ್ಲ. ಮೂರನ್ನೂ ಮುಚ್ಚಿದವರು ಯಾರೆಂದು ತೋರಿಸುವ ಜಾಗದಲ್ಲಿ ನನ್ನ ಹೆಸರಿತ್ತು. ಆಕೆ ಅದನ್ನು ಓದಿದ್ದರೋ ಇಲ್ಲವೋ, ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು:

‘ಇನ್ನೆಲ್ಲಿ ಒತ್ಲಪ್ಪ?’

ಮನೆಗೆ ಬಂದವನೇ ಮೂರು ಪ್ರಶ್ನೆಗಳನ್ನೂ ಮತ್ತೆ ತೆರೆದೆ. ಉತ್ತರ ಬರೆಯಲು ಕೂತಾಗಲೇ ತಿಳಿದದ್ದು, ಹುಟ್ಟಿದಾಗಿನಿಂದ ಕಾಯಿ ತುಂಬಿದ ಅಟ್ಟದ ಕೆಳಗೇ ಮಲಗಿ ಎದ್ದ ನನಗೂ ಅದು ಗೊತ್ತಿಲ್ಲ ಅಂತ. ಗೊತ್ತಿಲ್ಲದ್ದನ್ನೇ ಮೂರು ಸಲ ಮುಚ್ಚಿದ್ದೆ.