ಹೊಲಿಗೆ ಟೀಚರ್ ಹೊದ್ದ ಕೌದಿ

ಮೊನ್ನೆ ಪಕ್ಕದ ಮನೆಯವರು ಹಳೇ ಸೀರೆಗಳನ್ನು ಬಿಸಿಲಿಗೆ ಹರವಿದ್ದರು. ಒಗೆದೊಗೆದು ಮೆತ್ತಗಾದ ನೂಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊನ್ನಾಳಿ ಹೈಸ್ಕೂಲಿನ ನಮ್ಮ ಹೊಲಿಗೆ ಟೀಚರ್ ನೆನಪಾದರು...

ಎಂಬತ್ತರ ದಶಕ. ತಾಲ್ಲೂಕಿನ ವಸ್ತುಪ್ರದರ್ಶನಕ್ಕೆ ಹುಡುಗರೆಲ್ಲ ರಟ್ಟಿನಲ್ಲಿ ರಾಕೆಟ್ಟು, ಅಣೆಕಟ್ಟು ಮಾಡುತ್ತಿದ್ದರು. ಟೀಚರ್ ನಮಗೆ, ಹುಡುಗಿಯರಿಗೆ, ಪತ್ರಿಕೆಯ ಒಂದು ಸುದ್ದಿ ಓದಿ ಹೇಳಿದರು. ದೂರದ ದೇಶದಲ್ಲೊಂದು ಅಣುಬಾಂಬಿನ ಮದ್ದು ತಯಾರಿಸುವ ಕಾರ್ಖಾನೆ. ಅದರ ಪಕ್ಕದ ಹಳ್ಳಿಗಳಲ್ಲಿ ಬಾವಿ ನೀರು ಕೆಟ್ಟು ಜನ ಕ್ಯಾನ್ಸರಿನಿಂದ ಸಾಯುತ್ತಿದ್ದರು. ಅಲ್ಲಿ ತಯಾರಾದ ಬಾಂಬು ಇನ್ನೂ ಎಲ್ಲೂ ಬಿದ್ದಿರಲಿಲ್ಲ!

"ಅವ್ರಿಗೊಂದು ಕೌದಿ ಹೊಲಿಯಾನ," ಎಂದರು ಟೀಚರ್.

ನಮ್ಮಲ್ಲಿ ಕೌದಿಗೆ ಮನೆಯವರು ಉಟ್ಟುಬಿಟ್ಟ ಬಟ್ಟೆಯೇ ಆಗಬೇಕು, ಹೊದೆಯುವವರೂ ಮನೆಯವರೇ. ಅವ್ವ ಸಿಡುಕಿದಳು: "ಕಂಡಿಲ್ಲ ಕೇಳಿಲ್ಲ, ಅವ್ರಿಗ್ಯಾಕೆ ನನ್ ಸೀರೆ ಹರೀಬೇಕು?" ಬೈಯುತ್ತಲೇ ತನ್ನ ಬಾಣಂತನದ ಸೀರೆ ತಂದು ಕೊಟ್ಟಳು. "ಅಲ್ಲೂ ಹೆತ್ತೋರು ಇರ್ತಾರಲ್ಲ, ತಗಂಡ್ ಹೋಗು." ಅದನ್ನು ಕತ್ತರಿಸಿ ನಾವು ಕೌದಿಯ ಮೇಲೆ ಬಾವಿ, ಖಾಲಿ ತೊಟ್ಟಿಲು, ಹೊಗೆ ಉಗುಳುವ ಚಿಮಣಿ ಹೊಲಿದೆವು.

ಪ್ರದರ್ಶನದ ದಿನ ತಪಾಸಣೆಗೆ ಬಂದ ಸಾಹೇಬರು ಗೋಡೆಗೆ ತೂಗುಹಾಕಿದ್ದ ಕೌದಿ ನೋಡಿ ಕೆಂಡವಾದರು. "ದೇಶ ಬಾಂಬ್ ಸಿಡಿಸಿ ತಲೆ ಎತ್ತಿ ನಿಂತೈತೆ, ನೀವು ಮಕ್ಕಳಿಗೆ ಇದನ್ನ ಕಲಿಸ್ತೀರೇನ್ರೀ? ತೆಗೀರಿ! ಇಲ್ಲಾಂದ್ರೆ ಈ ಸ್ಕೂಲಲ್ಲಿ ಹೆಂಗಿರ್ತೀರೋ ನೋಡ್ತೀನಿ."

ಟೀಚರ್ ಕೌದಿಯನ್ನು ಮೊಳೆಯಿಂದ ಬಿಡಿಸಿದರು. ನನಗೆ ಅಳು ಉಕ್ಕಿತು. ಮಡಚಿಡುತ್ತಾರೆ ಅಂದುಕೊಂಡರೆ, ಹೆಗಲ ಮೇಲೆಳೆದು ಹೊದ್ದುಕೊಂಡೇ ಬಿಟ್ಟರು!

"ಗೋಡೆ ಸರ್ಕಾರದ್ದು, ಬಿಟ್ಟುಕೊಟ್ಟೆ. ಮೈ ನಂದೈತಲ್ರೀ ಸಾರ್."

ಅಬ್ಬಾ, ಆ ಬೇಸಿಗೆಯ ಧಗೆಯಲ್ಲಿ ಸಂಜೆಯವರೆಗೂ ಹಾಗೇ ನಿಂತರು. ಜನ ರಾಕೆಟ್ಟು ಬಿಟ್ಟು ಅವರ ಸುತ್ತ ನೆರೆದರು. ಅವರು ನಿಧಾನಕ್ಕೆ ತಿರುಗುತ್ತಿದ್ದರು, ನಾವು ಒಂದೊಂದೇ ತುಂಡಿಗೆ ಬೆರಳಿಟ್ಟು ಆ ಹಳ್ಳಿಗಳ ಕತೆ ಹೇಳುತ್ತಿದ್ದೆವು. ಸಾಹೇಬರು ಊಟವನ್ನೂ ಮಾಡದೆ ಜೀಪು ಹತ್ತಿದರು.

ಸ್ವಲ್ಪ ದಿನದಲ್ಲೇ ಟೀಚರಿಗೆ ಜಗಳೂರಿಗೆ ವರ್ಗವಾಯಿತು. ಬಸ್ ಸ್ಟ್ಯಾಂಡಿನಲ್ಲಿ ನಾವು ಗೊಳೋ ಎಂದದ್ದಕ್ಕೆ ಗದರಿದರು: "ಯಾಕ್ರೇ ಅಳ್ತೀರಾ? ಅಲ್ಲೇನು ಸೂಜಿ ಸಿಗಲ್ವಾ?"

ಹೋದ ವರ್ಷ ತೀರಿಕೊಂಡರಂತೆ... ಬಾಂಬುಗಳು ಮಾತ್ರ ಇವತ್ತಿಗೂ ತಯಾರಾಗುತ್ತಲೇ ಇವೆ. ಟೀಚರ್ ಇಲ್ಲವೆಂದು ಸಂಕಟ, ಬಾಂಬು ಇದೆಯೆಂದು ಸಿಟ್ಟು. ಸಂಕಟ ಎಂದಾದರೂ ಇಳಿದೀತು. ಸಿಟ್ಟನ್ನು ನಾನು ಇಳಿಯಲು ಬಿಡುವುದಿಲ್ಲ.