ಬಾರದ ಲೇತಿಗೆ ಬಿದ್ದ ಸಹಿ

ಆ ಸಹಿ ಬಿದ್ದದ್ದು ಮಾರ್ಚ್ ಮೂವತ್ತೊಂದು, ಶುಕ್ರವಾರ. ಆಧಾರ: ತಾಳವಾಡಿ ಬೆಟ್ಟದ ನಮ್ಮ ಸರ್ಕಾರಿ ತಾಂತ್ರಿಕ ಕಾಲೇಜಿನ ದಾಸ್ತಾನು ಪುಸ್ತಕ. ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಹೋದ ವಾರ ಕಾಲೇಜಿನ ಕಚೇರಿಯಲ್ಲಿ ಆ ಪುಸ್ತಕ ತೆರೆದಾಗ ಹಳೆಯ ಗ್ರೀಸಿನ ವಾಸನೆ ಬಂತು. ಕಾಲೇಜಿನ ಸಾಮಾನು ನೋಡಿಕೊಳ್ಳುತ್ತಿದ್ದ ಉಗ್ರಾಣದವರ ಕೈಯ ವಾಸನೆ ಅದು...

ದೊಡ್ಡಗಾಜನೂರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅವರು, ಯಾವ ವಸ್ತುವನ್ನೂ ಮುಟ್ಟಿ ನೋಡದೆ ಪುಸ್ತಕಕ್ಕೆ ಏರಿಸಿದವರಲ್ಲ.

ಆ ವರ್ಷ ಲೋಹ ಕಡೆಯುವ ಲೇತ್ ಯಂತ್ರಗಳಿಗೆ ಅನುದಾನ ಬಂದದ್ದೇ ಮಾರ್ಚ್ ನಡುವಿನಲ್ಲಿ. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದ ಹಣ ಸರ್ಕಾರಕ್ಕೆ ಹಿಂದಿರುಗುತ್ತಿತ್ತು. ಆದ್ದರಿಂದ ಸರಕು ಬರುವ ಮೊದಲೇ ‘ಬಂದಿದೆ’ ಎಂದು ಸಹಿ ಹಾಕಿ ಬಿಲ್ಲು ಪಾಸು ಮಾಡಿಸುವುದು ನಮ್ಮಲ್ಲಿ ರೂಢಿಯಾಗಿತ್ತು. ಲಾರಿ ಇನ್ನೂ ಘಟ್ಟವನ್ನೇ ಹತ್ತಿರಲಿಲ್ಲ.

“ಬಸ್ಸೇ ಬರ್ನಿಲ್ಲ, ಟಿಕೇಟ್ ಅರ್ದ್ ಕೊಡು ಅಂತೀರಲ್ಲ ಸಾ!” ಎಂದು ಉಗ್ರಾಣದವರು ನಕ್ಕರು.

ಪ್ರಾಂಶುಪಾಲರು ನಗಲಿಲ್ಲ. “ಲೇತ್ ಇಲ್ಲದಿದ್ದರೆ ಮೆಕ್ಯಾನಿಕಲ್ ವಿಭಾಗವೇ ಮುಚ್ಚುತ್ತದೆ. ನಿಮ್ಮಿಂದಲೇ ಮುಚ್ಚಿತು ಅಂತ ಬರೆಯಲೇನು?”

ಉಗ್ರಾಣದವರು ನನ್ನ ಕಡೆ ನೋಡಿದರು. ಆಡಳಿತ ಸಮಿತಿಯಲ್ಲಿ ಅಧ್ಯಾಪಕರ ಪ್ರತಿನಿಧಿ ನಾನು. “ಹಾಕಣ್ಣ, ನಾವಿದ್ದೀವಲ್ಲ” ಎಂದೆ.

“ನೀವು ಏಳ್ತಿದ್ದೀರಿ ಅಂತ ಆಕ್ತೀನಿ ಕಣಿ ಸಾ.”

ಉಳಿದ ಹಾಳೆಗಳ ಅಂಚಿನಲ್ಲೆಲ್ಲ ಗ್ರೀಸಿನ ಹೆಬ್ಬೆರಳಿನ ಗುರುತಿದೆ. ಆ ದಿನದ ಪುಟ ಮಾತ್ರ ಚೊಕ್ಕಟ.

ಲೇತ್ ಬರಲೇ ಇಲ್ಲ. ಹಣ ಪಡೆದ ಮಾರಾಟಗಾರನ ವಿಳಾಸದಲ್ಲಿ ಬೇರೆ ಅಂಗಡಿಯಿತ್ತು. ವಿಭಾಗವೂ ಮುಚ್ಚಿತು. ಲೆಕ್ಕ ತಪಾಸಣೆಗೆ ಬಂದವರು ಸಹಿ ಯಾರದೆಂದಷ್ಟೇ ಕೇಳಿದರು. ಸಮಿತಿ ಸಭೆ ಸೇರಿ, ನಷ್ಟಕ್ಕೆಲ್ಲ ಉಗ್ರಾಣದವರೊಬ್ಬರೇ ಹೊಣೆ ಎಂದು ನಿರ್ಣಯಿಸಿತು. ನಿವೃತ್ತರಾದ ಮೇಲೆ ಅವರಿಗೆ ಪಿಂಚಣಿ ಸಿಗಲಿಲ್ಲ. ಸಂತೆಯಲ್ಲಿ ಎದುರಾದಾಗಲೆಲ್ಲ ಕೈಮುಗಿಯುತ್ತಿದ್ದರು; ಒಂದು ಮಾತೂ ಕೇಳುತ್ತಿರಲಿಲ್ಲ. ಕೇಳಿದ್ದರೆ...

ಈಗ ಅವರಿಲ್ಲ. ಕುಟುಂಬ ಪಿಂಚಣಿಯ ಅರ್ಜಿಗೆ ಆಧಾರ ಹುಡುಕಿಕೊಂಡು ಅವರ ಹೆಂಡತಿ ನನ್ನಲ್ಲಿಗೆ ಬಂದರು. ಆ ನಿರ್ಣಯಕ್ಕೆ ನಾನು ಆಕ್ಷೇಪ ಬರೆಸಿದ್ದೆನೆಂದು ಅವರ ಗಂಡನಿಗೆ ಹೇಳಿದ್ದವನು ನಾನೇ. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ. ಹೋದ ವಾರ ಅವರೊಡನೆ ಕಚೇರಿಗೆ ಹೋದವನು, ದಾಸ್ತಾನು ಪುಸ್ತಕ ನೋಡಿ ಮುಚ್ಚಿ, ಸಭೆಯ ನಡವಳಿ ಪುಸ್ತಕ ತೆರೆದೆ. ಆಕೆ ಪಕ್ಕದ ಬೆಂಚಿನ ಮೇಲೆ ಕೂತಿದ್ದರು.

“ಸಿಕ್ತಾ ಸಾ, ನೀವು ಬರ್ಸಿದ್ದು?”

“ಇಲ್ಲಮ್ಮ.”

“ಇನ್ನೊಂದ್ಸಲ ನೋಡಿ ಸಾ. ಮೇಷ್ಟ್ರೊಬ್ರು ನನ್ ಕಡೆ ನಿಂತ್ರು ಅಂತ ಸಾಯೋಗಂಟ ಏಳೋರು.”

ಇನ್ನೊಮ್ಮೆ ನೋಡಿದೆ. ನಿರ್ಣಯ ಸರ್ವಾನುಮತದ್ದು. ಸೂಚಿಸಿದವರು ಪ್ರಾಂಶುಪಾಲರು. ‘ಅನುಮೋದಿಸಿದವರು’ ಎಂಬಲ್ಲಿ ನನ್ನ ಹೆಸರಿದೆ. ಅದರ ಕೆಳಗೆ ನನ್ನದೇ ಸಹಿ, ದಿನಾಂಕ ಸಮೇತ.